ಹೆಸರನ್ನಲ್ಲ, ಚೀಲವನ್ನು ಪರಿಶೀಲಿಸಿ

ವಿಮಾನ ನಿಲ್ದಾಣದ ಭದ್ರತಾ ತಪಾಸಣೆಯನ್ನು ನಾವು ವಿರೋಧಿಸುವುದಿಲ್ಲ. ಇದನ್ನು ಮೊದಲೇ ಸ್ಪಷ್ಟಪಡಿಸುವುದು ಅನಿವಾರ್ಯ. ಯಾಕೆಂದರೆ, ತಪಾಸಣೆಯಲ್ಲಿನ ತಾರತಮ್ಯದ ಬಗ್ಗೆ ಮುಸ್ಲಿಮನೊಬ್ಬ ಬಾಯಿ ತೆರೆದೊಡನೆ, ಬಚ್ಚಿಡುವಂಥದ್ದು ಏನೂ ಇಲ್ಲದಿದ್ದರೆ ಭಯವೇಕೆ ಎಂಬ ಪ್ರಶ್ನೆ ಎದುರಾಗುತ್ತದೆ. ಹಾಗೆ ಕೇಳುವವರು ಒಂದು ಸರಳ ಸಂಗತಿಯನ್ನು ಮರೆಯುತ್ತಾರೆ. ಆ ವಿಮಾನದಲ್ಲಿ ನಾವೂ ಇರುತ್ತೇವೆ. ಉಮ್ರಾ ಯಾತ್ರೆಗೆ ಹೊರಟ ನಮ್ಮ ತಂದೆ ತಾಯಂದಿರು, ದುಬೈ, ದಮ್ಮಾಮ್‌ಗಳಲ್ಲಿ ದುಡಿದು ಎರಡು ವರ್ಷಕ್ಕೊಮ್ಮೆ ಊರಿಗೆ ಬರುವ ನಮ್ಮ ಸಹೋದರರು, ಉನ್ನತ ವ್ಯಾಸಂಗಕ್ಕೆ ಹೊರಟ ನಮ್ಮ ಮಕ್ಕಳು ಅದರಲ್ಲಿರುತ್ತಾರೆ. ಸಿಡಿಯುವ ಬಾಂಬು ಯಾರ ಹೆಸರನ್ನೂ ಕೇಳುವುದಿಲ್ಲ. ಸುರಕ್ಷಿತ ಪ್ರಯಾಣದ ಬಯಕೆ ಇತರರಿಗೆ ಎಷ್ಟಿದೆಯೋ ನಮಗೂ ಅಷ್ಟೇ ಇದೆ.

ನಮ್ಮ ವಿರೋಧವಿರುವುದು ಒಂದೇ ವಿಮಾನಕ್ಕೆ ಟಿಕೆಟು ಪಡೆದು ಬಂದವರನ್ನು ಎರಡು ಸಾಲುಗಳಲ್ಲಿ ನಿಲ್ಲಿಸುವ ಪದ್ಧತಿಗೆ. ಒಂದು ಸಾಲಿನವರ ಚೀಲವನ್ನು ನೋಡಲಾಗುತ್ತದೆ. ಇನ್ನೊಂದು ಸಾಲಿನವರ ಹೆಸರು, ಹುಟ್ಟಿದ ದೇಶ, ಗಡ್ಡ, ತಲೆವಸ್ತ್ರಗಳನ್ನು ನೋಡಲಾಗುತ್ತದೆ. ಪ್ರೊಫೈಲಿಂಗ್ ಎಂದು ಇದಕ್ಕೆ ನಯವಾದ ಹೆಸರಿದೆ. ಭದ್ರತೆಗಾಗಿ ಸ್ವಲ್ಪ ಅನ್ಯಾಯವನ್ನು ಸಹಿಸಿಕೊಳ್ಳಬೇಕೆಂದು ಅದರ ಸಮರ್ಥಕರು ಉಪದೇಶಿಸುತ್ತಾರೆ. ಆದರೆ ಕಳೆದ ಎರಡೂವರೆ ದಶಕಗಳ ಅನುಭವ ಹೇಳುವುದೇ ಬೇರೆ. ಈ ಪದ್ಧತಿ ಅನ್ಯಾಯವಷ್ಟೇ ಅಲ್ಲ, ಭದ್ರತೆಗೂ ಮಾರಕ. ನ್ಯಾಯವನ್ನು ಬಿಟ್ಟುಕೊಟ್ಟವರಿಗೆ ಭದ್ರತೆಯೂ ದಕ್ಕಲಿಲ್ಲ.

ಪಟ್ಟಿಗಳ ಕತೆ

2001ರ ಸೆಪ್ಟೆಂಬರ್ 11ರ ದಾಳಿಯ ಮರುವರ್ಷ ಅಮೆರಿಕವು ವಿದೇಶೀಯರ ವಿಶೇಷ ನೋಂದಣಿ ವ್ಯವಸ್ಥೆಯೊಂದನ್ನು ಜಾರಿಗೆ ತಂದಿತು. ಅದರ ಪಟ್ಟಿಯಲ್ಲಿದ್ದುದು 25 ದೇಶಗಳು. ಉತ್ತರ ಕೊರಿಯಾವನ್ನು ಬಿಟ್ಟರೆ ಉಳಿದ ಇಪ್ಪತ್ತನಾಲ್ಕೂ ಮುಸ್ಲಿಮ್ ಬಾಹುಳ್ಯದ ರಾಷ್ಟ್ರಗಳು. ಈ ದೇಶಗಳ ಪುರುಷರು ವಿಮಾನ ನಿಲ್ದಾಣದಲ್ಲಿ ಬೆರಳಚ್ಚು, ಭಾವಚಿತ್ರ ಕೊಟ್ಟು ವಿಚಾರಣೆಗೆ ಒಳಗಾಗಬೇಕಿತ್ತು. ಅದಾಗಲೇ ಅಮೆರಿಕದೊಳಗಿದ್ದ 16 ವರ್ಷ ಮೀರಿದವರು ಕಚೇರಿಗಳಿಗೆ ಹೋಗಿ ಹಾಜರಿ ಹಾಕಬೇಕಿತ್ತು. ಹೀಗೆ ಸ್ವತಃ ಬಂದು ಹೆಸರು ಬರೆಸಿದವರ ಸಂಖ್ಯೆ 80 ಸಾವಿರಕ್ಕೂ ಮಿಕ್ಕಿತು. ಅವರಲ್ಲಿ 13 ಸಾವಿರಕ್ಕೂ ಹೆಚ್ಚು ಮಂದಿಯ ಮೇಲೆ ಗಡೀಪಾರಿನ ಕ್ರಮ ಆರಂಭವಾಯಿತು. ಇಷ್ಟು ದೊಡ್ಡ ಬಲೆಯಲ್ಲಿ ಭಯೋತ್ಪಾದನೆಯ ಅಪರಾಧ ಸಾಬೀತಾದ ಒಬ್ಬನೇ ಒಬ್ಬನೂ ಸಿಗಲಿಲ್ಲ. ಕಾನೂನನ್ನು ಗೌರವಿಸಿ ಬಾಗಿಲು ತಟ್ಟಿದವನೇ ಸಿಕ್ಕಿಬಿದ್ದ. ನಿಜವಾದ ದುಷ್ಟನು ಬಾಗಿಲು ತಟ್ಟಿ ಹೆಸರು ಹೇಳಿ ಬರುತ್ತಾನೆಯೇ?

2009ರ ಕ್ರಿಸ್‌ಮಸ್ ದಿನ ಆಮ್‌ಸ್ಟರ್‌ಡ್ಯಾಮ್‌ನಿಂದ ಡೆಟ್ರಾಯಿಟ್‌ಗೆ ಹೊರಟಿದ್ದ ವಿಮಾನದಲ್ಲಿ ಉಮರ್ ಫಾರೂಕ್ ಅಬ್ದುಲ್ ಮುತಲ್ಲಬ್ ಎಂಬ ನೈಜೀರಿಯಾದ ತರುಣ ಒಳ ಉಡುಪಿನಲ್ಲಿ ಅಡಗಿಸಿದ್ದ ಸ್ಫೋಟಕವನ್ನು ಸಿಡಿಸಲು ಯತ್ನಿಸಿದ. ಅವನನ್ನು ಹಿಡಿದುಹಾಕಿದವರು ಸಹಪ್ರಯಾಣಿಕರು ಮತ್ತು ವಿಮಾನದ ಸಿಬ್ಬಂದಿ. ಆತ ಮಾಡಹೊರಟದ್ದು ಘೋರ ಪಾತಕ. ಅದರಲ್ಲಿ ಎರಡು ಮಾತಿಲ್ಲ. ಆದರೆ ಈ ಘಟನೆಗೆ ಮುನ್ನ ನಡೆದುದನ್ನು ಗಮನಿಸಬೇಕು. ಆ ತರುಣನ ತಂದೆ ಅದೇ ವರ್ಷದ ನವೆಂಬರ್‌ನಲ್ಲಿ ಅಬುಜಾದ ಅಮೆರಿಕನ್ ರಾಯಭಾರ ಕಚೇರಿಗೆ ತಾವಾಗಿಯೇ ಹೋಗಿ, ಮಗ ಉಗ್ರವಾದದ ಹಾದಿ ಹಿಡಿದಿರಬಹುದೆಂಬ ಆತಂಕವನ್ನು ತಿಳಿಸಿದ್ದರು. ಒಬ್ಬ ಮುಸ್ಲಿಮ್ ತಂದೆ, ಕರುಳ ಸಂಕಟವನ್ನು ನುಂಗಿಕೊಂಡು, ಅಪರಿಚಿತರ ಪ್ರಾಣ ಉಳಿಸಲು ಸ್ವಂತ ಮಗನ ವಿರುದ್ಧ ದೂರು ಕೊಟ್ಟಿದ್ದರು. ಆದರೂ ಮಗನ ವೀಸಾ ರದ್ದಾಗಲಿಲ್ಲ. ಪ್ರತ್ಯೇಕ ತಪಾಸಣೆಯ ಪಟ್ಟಿಗೂ ಅವನ ಹೆಸರು ಸೇರಲಿಲ್ಲ.

ತಪ್ಪು ಯಾರದು? ಕೈಗೆ ಬಂದ ಮಾಹಿತಿಯನ್ನು ಬಳಸದ ವ್ಯವಸ್ಥೆಯದು. ಆದರೆ ಶಿಕ್ಷೆ ಯಾರಿಗಾಯಿತು? 2010ರ ಜನವರಿಯಲ್ಲಿ ಅಮೆರಿಕವು 14 ದೇಶಗಳ ಪಟ್ಟಿಯನ್ನು ಹೊರಡಿಸಿತು. ಕ್ಯೂಬಾವನ್ನು ಬಿಟ್ಟರೆ ಪಾಕಿಸ್ತಾನ, ಸೌದಿ ಅರೇಬಿಯಾ, ನೈಜೀರಿಯಾ, ಯಮನ್, ಲೆಬನಾನ್, ಅಲ್ಜೀರಿಯಾ ಮೊದಲಾಗಿ ಬಹುತೇಕ ಮುಸ್ಲಿಮ್ ದೇಶಗಳೇ. ಈ ದೇಶಗಳ ಪಾಸ್‌ಪೋರ್ಟು ಉಳ್ಳವರು, ಅಲ್ಲಿಂದ ಬರುವವರು, ಅಮೆರಿಕಕ್ಕೆ ಹೊರಡುವಾಗ ಕಡ್ಡಾಯವಾಗಿ ಮೈ ತಡವಿಸಿಕೊಳ್ಳಬೇಕೆಂಬ ನಿಯಮ ಬಂತು. ಒಬ್ಬ ತಂದೆ ಕೊಟ್ಟ ಎಚ್ಚರಿಕೆಯನ್ನು ಕೇಳದವರು ಕೋಟ್ಯಂತರ ತಂದೆಯರನ್ನು ಶಂಕಿತರ ಸಾಲಿಗೆ ತಳ್ಳಿದರು. ಆ ಪಟ್ಟಿ ಮೂರೇ ತಿಂಗಳಲ್ಲಿ ನಿರುಪಯುಕ್ತವೆನಿಸಿತು. ಏಪ್ರಿಲ್‌ನಲ್ಲಿ ಅದನ್ನು ಕೈಬಿಟ್ಟು, ಖಚಿತ ಮಾಹಿತಿಯ ಆಧಾರದಲ್ಲಿ ತಪಾಸಣೆ ನಡೆಸುವುದಾಗಿ ಹೇಳಲಾಯಿತು. ಅದೇ ವರ್ಷದ ಅಕ್ಟೋಬರ್‌ನಲ್ಲಿ ಯಮನ್‌ನಿಂದ ಅಮೆರಿಕಕ್ಕೆ ಕಳುಹಿಸಲಾಗಿದ್ದ ಎರಡು ಪಾರ್ಸೆಲ್‌ಗಳಲ್ಲಿ, ಪ್ರಿಂಟರಿನ ಕಾರ್ಟ್ರಿಜ್‌ಗಳೊಳಗೆ ತುಂಬಿಸಿಟ್ಟಿದ್ದ ಬಾಂಬುಗಳು ಪತ್ತೆಯಾದವು. ಒಂದು ಬ್ರಿಟನ್‌ನಲ್ಲಿ, ಇನ್ನೊಂದು ದುಬೈಯಲ್ಲಿ. ಅವುಗಳ ಸುಳಿವು ಕೊಟ್ಟದ್ದು ಸೌದಿ ಅರೇಬಿಯಾದ ಗುಪ್ತಚರ ಇಲಾಖೆ. ಕೆಲವೇ ತಿಂಗಳ ಹಿಂದೆ ಯಾವ ದೇಶದ ಪ್ರಜೆಗಳನ್ನೆಲ್ಲ ಶಂಕಿತರೆಂದು ಪಟ್ಟಿ ಮಾಡಲಾಗಿತ್ತೋ ಅದೇ ದೇಶ.

ಇನ್ನು 2017ರ ಮಾರ್ಚ್ ತಿಂಗಳ ಪ್ರಸಂಗ. ಪಶ್ಚಿಮ ಏಶ್ಯಾ ಮತ್ತು ಉತ್ತರ ಆಫ್ರಿಕದ ಎಂಟು ದೇಶಗಳ ಹತ್ತು ವಿಮಾನ ನಿಲ್ದಾಣಗಳಿಂದ ನೇರವಾಗಿ ಅಮೆರಿಕಕ್ಕೆ ಹಾರುವವರು ಮೊಬೈಲ್ ಫೋನಿಗಿಂತ ದೊಡ್ಡದಾದ ಯಾವ ವಿದ್ಯುನ್ಮಾನ ಉಪಕರಣವನ್ನೂ ಕೈಚೀಲದಲ್ಲಿ ಒಯ್ಯಬಾರದೆಂದು ಆಜ್ಞೆಯಾಯಿತು. ಬೆಂಗಳೂರಿನಿಂದ ದುಬೈ, ದೋಹಾ ಮಾರ್ಗವಾಗಿ ಅಮೆರಿಕಕ್ಕೆ ಹೋಗುವ ನಮ್ಮ ಇಂಜಿನಿಯರುಗಳ ಲ್ಯಾಪ್‌ಟಾಪ್‌ಗಳೂ ಸರಕಿನ ಕೋಣೆಗೆ ಹೋದವು. ಬೆನ್ನಿಗೇ ಬ್ರಿಟನ್ ಕೂಡ ಇಂಥದ್ದೇ ನಿಷೇಧ ಹೇರಿತು. ಆದರೆ ಅದರ ಪಟ್ಟಿ ಬೇರೆ. ಅಮೆರಿಕದ ಪಟ್ಟಿಯಲ್ಲಿದ್ದ ದುಬೈ, ಅಬುಧಾಬಿ, ದೋಹಾಗಳು ಬ್ರಿಟನ್‌ನ ಪಟ್ಟಿಯಲ್ಲಿರಲಿಲ್ಲ. ಅಮೆರಿಕದ ಪಟ್ಟಿಯಲ್ಲಿಲ್ಲದ ಟುನೀಶಿಯಾ ಬ್ರಿಟನ್‌ನ ಪಟ್ಟಿಯಲ್ಲಿತ್ತು. ದುಬೈಯಿಂದ ಲಂಡನ್‌ಗೆ ಹಾರುವಾಗ ನಿರಪಾಯಕಾರಿಯಾಗಿದ್ದ ಲ್ಯಾಪ್‌ಟಾಪು, ಅದೇ ದುಬೈಯಿಂದ ನ್ಯೂಯಾರ್ಕ್‌ಗೆ ಹಾರುವಾಗ ಅಪಾಯಕಾರಿಯಾಗುವುದು ಯಾವ ವಿಜ್ಞಾನ? ಅಬುಧಾಬಿಯಲ್ಲಂತೂ 2014ರಿಂದಲೇ ಅಮೆರಿಕದ ಅಧಿಕಾರಿಗಳೇ ಕುಳಿತು ಪ್ರಯಾಣಿಕರನ್ನು ಪರಿಶೀಲಿಸಿ ಕಳುಹಿಸುತ್ತಿದ್ದರು. ತಮ್ಮದೇ ಅಧಿಕಾರಿಗಳಿದ್ದ ನಿಲ್ದಾಣವನ್ನೂ ಅವರು ನಂಬಲಿಲ್ಲ. ಅದೇ ವರ್ಷದ ಜನವರಿಯಲ್ಲಿ ಏಳು ಮುಸ್ಲಿಮ್ ದೇಶಗಳ ಪ್ರಜೆಗಳಿಗೆ ಅಮೆರಿಕದ ಬಾಗಿಲನ್ನೇ ಮುಚ್ಚಲಾಗಿತ್ತು. ಸೆಪ್ಟೆಂಬರ್ 11ರ ಹತ್ತೊಂಬತ್ತು ಅಪಹರಣಕಾರರಲ್ಲಿ ಒಬ್ಬನೂ ಆ ಏಳು ದೇಶಗಳಿಗೆ ಸೇರಿದವನಲ್ಲ ಎಂಬುದನ್ನು ನೆನೆದರೆ, ಪಟ್ಟಿ ತಯಾರಿಸುವವರು ನೋಡುವುದು ಸಾಕ್ಷ್ಯವನ್ನಲ್ಲ, ಭೂಪಟವನ್ನು ಎಂಬುದು ಮನದಟ್ಟಾಗುತ್ತದೆ.

ಶಂಕೆಯ ತಪ್ಪು ಲೆಕ್ಕ

ಸಂಚುಗಳಲ್ಲಿ ಸಿಕ್ಕಿಬಿದ್ದವರ ಹೆಸರುಗಳೆಲ್ಲ ನಿಮ್ಮವರದೇ ಅಲ್ಲವೇ, ಹಾಗಿರುವಾಗ ನಿಮ್ಮನ್ನು ಹೆಚ್ಚು ಪರೀಕ್ಷಿಸುವುದರಲ್ಲಿ ತಪ್ಪೇನು ಎಂದು ವಾದಿಸುವವರಿದ್ದಾರೆ. ಈ ವಾದವನ್ನು ಬೈದು ಬಿಡುವುದಕ್ಕಿಂತ ಉತ್ತರಿಸುವುದು ಲೇಸು.

ಮೊದಲನೆಯದಾಗಿ, ಎಲ್ಲ ಹೆಸರುಗಳೂ ನಮ್ಮವರದಲ್ಲ. 1976ರಲ್ಲಿ ಕ್ಯೂಬಾದ ಪ್ರಯಾಣಿಕ ವಿಮಾನವನ್ನು ಸ್ಫೋಟಿಸಿ 73 ಮಂದಿಯನ್ನು ಕೊಂದವರು ಕ್ಯಾಸ್ಟ್ರೋ ವಿರೋಧಿಗಳು. 1985ರ ಜೂನ್ 23ರಂದು ಐರ್ಲೆಂಡ್ ಸಮೀಪ ಕಡಲಿಗೆ ಬಿದ್ದ ಏರ್ ಇಂಡಿಯಾದ ಕನಿಷ್ಕ ವಿಮಾನದಲ್ಲಿ 329 ಮಂದಿ ಪ್ರಾಣ ತೆತ್ತರು. ಅದು ಖಾಲಿಸ್ತಾನಿ ಉಗ್ರರ ಕೃತ್ಯ. 1978ರಲ್ಲಿ ಇಂಡಿಯನ್ ಏರ್‌ಲೈನ್ಸ್ ವಿಮಾನವನ್ನು ಆಟಿಕೆ ಪಿಸ್ತೂಲು ತೋರಿಸಿ ವಾರಾಣಸಿಗೆ ಒಯ್ದ ಪಾಂಡೆ ಹೆಸರಿನ ಇಬ್ಬರು, ಇಂದಿರಾ ಗಾಂಧಿಯವರ ಬಿಡುಗಡೆಗೆ ಆಗ್ರಹಿಸಿದ ಯುವ ಕಾಂಗ್ರೆಸಿಗರು. ಅವರಿಗೆ 1980ರಲ್ಲಿ ಪಕ್ಷದ ಟಿಕೆಟು ಸಿಕ್ಕಿತು. ಗೆದ್ದು ಉತ್ತರ ಪ್ರದೇಶದ ವಿಧಾನಸಭೆಯನ್ನೂ ಪ್ರವೇಶಿಸಿದರು. ಹಾಗೆಂದು ಎಲ್ಲ ಸಿಖ್ಖರನ್ನು, ಎಲ್ಲ ಪಾಂಡೆಗಳನ್ನು ಬೇರೆ ಸಾಲಿನಲ್ಲಿ ನಿಲ್ಲಿಸಿ ಎಂದು ನಾವು ಹೇಳಿದರೆ ಅದು ಮೂರ್ಖತನ. ನಮ್ಮ ವಿಷಯದಲ್ಲಿ ಮಾತ್ರ ಆ ಮೂರ್ಖತನ ಜಾಣ್ಮೆಯಾಗುವುದು ಹೇಗೆ?

ಕನಿಷ್ಕ ದುರಂತ ಕಲಿಸಿದ ಪಾಠವನ್ನು ಇಲ್ಲಿ ನೆನೆಯಬೇಕು. ವ್ಯಾಂಕೂವರ್‌ನಲ್ಲಿ ಒಬ್ಬಾತ ಒಂದು ಪೆಟ್ಟಿಗೆಯನ್ನು ಒಪ್ಪಿಸಿದ, ತಾನು ವಿಮಾನ ಹತ್ತಲಿಲ್ಲ. ಒಡೆಯನಿಲ್ಲದ ಪೆಟ್ಟಿಗೆ ಪ್ರಯಾಣ ಮಾಡಿತು. ಆಗ ಬೇಕಾಗಿದ್ದುದು ಪೇಟ ಕಟ್ಟಿದವರ ಮೇಲೆ ಕಣ್ಣಿಡುವುದಲ್ಲ, ಪ್ರಯಾಣಿಕ ಹತ್ತದಿದ್ದರೆ ಅವನ ಪೆಟ್ಟಿಗೆಯನ್ನು ಇಳಿಸುವ ನಿಯಮ. ಇಂದು ಅಂತಾರಾಷ್ಟ್ರೀಯ ವಿಮಾನಯಾನದಲ್ಲಿ ಅದೇ ನಿಯಮವಿದೆ. ಅದು ಎಲ್ಲರ ಪೆಟ್ಟಿಗೆಗೂ ಅನ್ವಯಿಸುತ್ತದೆ. ಯಾರಿಗೂ ಅದರಿಂದ ಅವಮಾನವಾಗಿಲ್ಲ.

ಎರಡನೆಯದಾಗಿ, ಗುರುತು ನೋಡಿ ಹಿಡಿಯುವವನನ್ನು ವಂಚಿಸುವುದು ಬಲು ಸುಲಭ. 1986ರ ಏಪ್ರಿಲ್‌ನಲ್ಲಿ ಲಂಡನ್‌ನ ಹೀತ್ರೂ ನಿಲ್ದಾಣದಲ್ಲಿ ಇಸ್ರೇಲ್‌ನ ವಿಮಾನ ಹತ್ತಲು ಬಂದ ಗರ್ಭಿಣಿಯೊಬ್ಬಳ ಚೀಲದ ತಳದಲ್ಲಿ ಸ್ಫೋಟಕ ಪತ್ತೆಯಾಯಿತು. ಆಕೆ ಐರಿಶ್ ಮಹಿಳೆ. ಚೀಲ ಕೊಟ್ಟವನು ಅವಳನ್ನು ಮದುವೆಯಾಗುವುದಾಗಿ ನಂಬಿಸಿದ್ದ ಜೋರ್ಡಾನ್ ಮೂಲದ ವ್ಯಕ್ತಿ. ತನ್ನ ಚೀಲದಲ್ಲಿ ಏನಿದೆಯೆಂದು ಅವಳಿಗೇ ತಿಳಿದಿರಲಿಲ್ಲ. ಹೆಸರು, ಮುಖ, ಧರ್ಮ ನೋಡಿ ತಪಾಸಣೆ ನಡೆಸಿದ್ದರೆ ಆಕೆ ಸಲೀಸಾಗಿ ವಿಮಾನ ಹತ್ತುತ್ತಿದ್ದಳು. ನೂರಾರು ಜೀವಗಳನ್ನು ಉಳಿಸಿದ್ದು ಅವಳನ್ನೂ ಬಿಡದೆ ಕೇಳಿದ ಪ್ರಶ್ನೆಗಳು, ತೆರೆದು ನೋಡಿದ ಚೀಲ. 2001ರ ಡಿಸೆಂಬರ್‌ನಲ್ಲಿ ಬೂಟಿನೊಳಗೆ ಬಾಂಬಿಟ್ಟು ಪ್ಯಾರಿಸ್‌ನಿಂದ ಹೊರಟ ರಿಚರ್ಡ್ ರೀಡ್‌ನ ಹೆಸರು ಇಂಗ್ಲಿಷರದು, ಪಾಸ್‌ಪೋರ್ಟು ಬ್ರಿಟನ್‌ನದು. ಯಾವ ದೇಶವಾರು ಪಟ್ಟಿಯೂ ಅವನನ್ನು ಹಿಡಿಯುತ್ತಿರಲಿಲ್ಲ.

2002ರಲ್ಲಿ ಅಮೆರಿಕದ ಪ್ರಸಿದ್ಧ ತಾಂತ್ರಿಕ ವಿದ್ಯಾಸಂಸ್ಥೆ ಎಂಐಟಿಯ ಇಬ್ಬರು ವಿದ್ಯಾರ್ಥಿಗಳು ಈ ಲೋಪವನ್ನು ಲೆಕ್ಕಹಾಕಿ ತೋರಿಸಿದರು. ದುಷ್ಟಕೂಟವೊಂದು ತನ್ನವರನ್ನು ಬರಿಗೈಯಲ್ಲಿ ಕೆಲವು ಬಾರಿ ಪ್ರಯಾಣಕ್ಕೆ ಕಳುಹಿಸಿದರೆ ಸಾಕು. ಯಾರನ್ನು ಪ್ರತ್ಯೇಕ ತಪಾಸಣೆಗೆ ಕರೆಯುವುದಿಲ್ಲವೋ ಅವನೇ ಅವರಿಗೆ ತಕ್ಕ ವ್ಯಕ್ತಿ. ಯಾರನ್ನು ಯಾವಾಗ ಕರೆಯುತ್ತಾರೆಂದು ಊಹಿಸಲಾಗದ ಯಾದೃಚ್ಛಿಕ ತಪಾಸಣೆಯಲ್ಲಿ ಈ ಉಪಾಯ ನಡೆಯದು. 2009ರಲ್ಲಿ ವಿಲಿಯಂ ಪ್ರೆಸ್ ಎಂಬ ವಿಜ್ಞಾನಿ ಗಣಿತದ ಮೂಲಕವೇ ಸಾಧಿಸಿದ ಸಂಗತಿಯೂ ಇದಕ್ಕೆ ಪೂರಕ. ಅತಿಯಾದ ಪ್ರೊಫೈಲಿಂಗ್‌ನಿಂದ ಅದೇ ನಿರಪರಾಧಿಗಳನ್ನು ಮತ್ತೆ ಮತ್ತೆ ಪರೀಕ್ಷಿಸುವುದರಲ್ಲಿ ಶ್ರಮ ವ್ಯಯವಾಗುತ್ತದೆ. ಚೀಟಿ ಎತ್ತಿದಂತೆ ಆರಿಸುವುದಕ್ಕಿಂತ ಅದು ಹೆಚ್ಚು ಫಲಕಾರಿಯೇನಲ್ಲ. ಮುಖಭಾವ, ನಡವಳಿಕೆ ನೋಡಿ ಶಂಕಿತರನ್ನು ಗುರುತಿಸುವ ಅಮೆರಿಕದ ಇನ್ನೊಂದು ಯೋಜನೆಗೆ ಸುಮಾರು 90 ಕೋಟಿ ಡಾಲರ್ ಸುರಿದ ಮೇಲೆ, ಅದು ಫಲಕಾರಿ ಎನ್ನಲು ಪುರಾವೆಯಿಲ್ಲ ಎಂದು 2013ರಲ್ಲಿ ಅಲ್ಲಿನ ಸರಕಾರಿ ಲೆಕ್ಕಪರಿಶೋಧನಾ ಸಂಸ್ಥೆಯೇ ವರದಿ ಕೊಟ್ಟಿತು. ಇನ್ನು ಚೀಲ ನೋಡುವ ಕೆಲಸದ ಗತಿ ಏನಾಗಿತ್ತು? ಸರಕಾರದ ಗುಪ್ತ ಪರೀಕ್ಷಕರು ಆಯುಧ, ನಕಲಿ ಬಾಂಬುಗಳನ್ನು ಹಿಡಿದು ನಡೆಸಿದ 70 ಪರೀಕ್ಷೆಗಳಲ್ಲಿ 67 ಬಾರಿ ತಪಾಸಣೆ ವಿಫಲವಾದುದು 2015ರಲ್ಲಿ ಬಯಲಾಯಿತು. ಹೆಸರಿನ ಮೇಲೆ ಕಣ್ಣು ನೆಟ್ಟರೆ ಚೀಲದ ಮೇಲಿನ ಕಣ್ಣು ಮಂಜಾಗುತ್ತದೆ.

ಎಲ್ಲರಿಗೂ ತಟ್ಟಿದಾಗ

ತಾರತಮ್ಯದ ನಿಯಮದಲ್ಲಿ ಇನ್ನೂ ಒಂದು ಕೇಡಿದೆ. ಅದನ್ನು ತಿದ್ದುವವರು ಯಾರೂ ಇರುವುದಿಲ್ಲ.

2009ರ ಘಟನೆಯ ಬಳಿಕ ಬಟ್ಟೆಯೊಳಗಿನ ದೇಹವನ್ನು ಚಿತ್ರಿಸಿ ತೋರಿಸುವ ಸ್ಕ್ಯಾನರ್ ಯಂತ್ರಗಳು ಅಮೆರಿಕದ ನಿಲ್ದಾಣಗಳಿಗೆ ಹೆಚ್ಚಿನ ಸಂಖ್ಯೆಯಲ್ಲಿ ಬಂದವು. 2010ರ ಫೆಬ್ರವರಿಯಲ್ಲಿ ಉತ್ತರ ಅಮೆರಿಕದ ಫಿಕ್‌ಹ್ ಮಂಡಳಿಯು ಇದು ಲಜ್ಜೆಗೆ ವಿರುದ್ಧವೆಂದು ಆಕ್ಷೇಪಿಸಿತು. ಆದರೆ ಆ ಯಂತ್ರ ಮುಸ್ಲಿಮರನ್ನಷ್ಟೇ ನೋಡುತ್ತಿರಲಿಲ್ಲ. ಬಿಳಿಯರ ತಾಯಂದಿರನ್ನೂ ಸೆನೆಟರುಗಳ ಪತ್ನಿಯರನ್ನೂ ನೋಡುತ್ತಿತ್ತು. ದೇಶವೇ ಗದ್ದಲವೆಬ್ಬಿಸಿತು. 2012ರಲ್ಲಿ ಕಾನೂನು ಬಂತು. 2013ರ ಮಧ್ಯದೊಳಗೆ ನಗ್ನ ಚಿತ್ರಗಳು ಹೋಗಿ, ಎಲ್ಲರಿಗೂ ಒಂದೇ ತೆರನಾದ ಗೊಂಬೆಯ ರೇಖಾಚಿತ್ರ ಬಂತು. ಮೂರೂವರೆ ವರ್ಷಗಳಲ್ಲಿ ಪರಿಹಾರ ದೊರಕಿತು.

ಇದಕ್ಕೆ ಹೋಲಿಸಿ ನೋಡಿ. 2002ರ ವಿಶೇಷ ನೋಂದಣಿಯಿಂದ ದೇಶಗಳ ಹೆಸರುಗಳನ್ನು ತೆಗೆಯಲು 2011ರವರೆಗೆ ಕಾಯಬೇಕಾಯಿತು. ಆ ನಿಯಮವನ್ನು ಪೂರ್ತಿಯಾಗಿ ಅಳಿಸಿದ್ದು 2016ರ ಡಿಸೆಂಬರ್‌ನಲ್ಲಿ. ಹದಿನಾಲ್ಕು ವರ್ಷ! ಬ್ರಿಟನ್‌ನ 2000ದ ಭಯೋತ್ಪಾದನಾ ಕಾಯ್ದೆಯ ಏಳನೆಯ ಅನುಸೂಚಿಯಂತೆ, ಯಾವ ಸಕಾರಣ ಶಂಕೆ ಇಲ್ಲದೆಯೂ ನಿಲ್ದಾಣದಲ್ಲಿ ಪ್ರಯಾಣಿಕನನ್ನು ತಡೆದು ಒಂಬತ್ತು ಗಂಟೆಗಳವರೆಗೆ ಪ್ರಶ್ನಿಸಬಹುದಿತ್ತು. ಉತ್ತರಿಸದಿರುವುದೇ ಅಪರಾಧ. ಒಂಬತ್ತು ಗಂಟೆ ಆರಾಗಲು 2014 ಬರಬೇಕಾಯಿತು. ಆ ಹಳೆಯ ಅಧಿಕಾರ ಮಾನವ ಹಕ್ಕಿನ ಉಲ್ಲಂಘನೆಯೆಂದು ಯುರೋಪಿನ ಮಾನವ ಹಕ್ಕು ನ್ಯಾಯಾಲಯ ಹೇಳಿದ್ದು 2019ರಲ್ಲಿ. ಆದರೆ ಗಲ್ಫ್‌ನ ಶ್ರೀಮಂತ ವಿಮಾನ ಕಂಪೆನಿಗಳ ವ್ಯಾಪಾರಕ್ಕೆ ಪೆಟ್ಟು ಕೊಟ್ಟ 2017ರ ಲ್ಯಾಪ್‌ಟಾಪ್ ನಿಷೇಧ ನಾಲ್ಕೇ ತಿಂಗಳಲ್ಲಿ ಹಿಂದಕ್ಕೆ ಹೋಯಿತು. ಎಲ್ಲರಿಗೂ ತಟ್ಟುವ ನಿಯಮದ ಲೋಪ ಬೇಗ ತಿದ್ದಲ್ಪಡುತ್ತದೆ. ಪ್ರಬಲರಿಗೆ ತಟ್ಟುವ ನಿಯಮ ಅದಕ್ಕಿಂತಲೂ ಬೇಗ. ದುರ್ಬಲರಿಗೆ ಮಾತ್ರ ತಟ್ಟುವ ನಿಯಮ ವರ್ಷಗಟ್ಟಲೆ ಹಾಗೆಯೇ ಉಳಿಯುತ್ತದೆ. ಸಮಾನತೆಯನ್ನು ನಾವು ಕೇಳುವುದು ಈ ಕಾರಣಕ್ಕಾಗಿಯೂ ಹೌದು.

ಪ್ರತ್ಯೇಕ ಸಾಲು ಎಲ್ಲಿಗೆ ಒಯ್ಯಬಲ್ಲದು ಎಂಬುದಕ್ಕೆ ಮಾಹಿರ್ ಅರಾರ್ ಸಾಕ್ಷಿ. ಸಿರಿಯಾದಲ್ಲಿ ಹುಟ್ಟಿ ಕೆನಡಾದ ಪ್ರಜೆಯಾಗಿದ್ದ ಈ ಇಂಜಿನಿಯರ್ 2002ರ ಸೆಪ್ಟೆಂಬರ್‌ನಲ್ಲಿ ವಿಮಾನ ಬದಲಿಸಲು ನ್ಯೂಯಾರ್ಕ್‌ನಲ್ಲಿ ಇಳಿದರು. ಅಲ್ಲಿ ಬಂಧಿಸಿ ಸಿರಿಯಾಕ್ಕೆ ಸಾಗಿಸಲಾಯಿತು. ಸುಮಾರು ಒಂದು ವರ್ಷ ಸೆರೆಮನೆ, ಚಿತ್ರಹಿಂಸೆ. ಅವರು ನಿರ್ದೋಷಿಯೆಂದು 2006ರಲ್ಲಿ ಕೆನಡಾದ ವಿಚಾರಣಾ ಆಯೋಗ ಘೋಷಿಸಿತು. 2007ರಲ್ಲಿ ಸರಕಾರ ಕ್ಷಮೆ ಕೇಳಿ ಒಂದು ಕೋಟಿ ಡಾಲರಿಗೂ ಹೆಚ್ಚು ಪರಿಹಾರ ಕೊಟ್ಟಿತು.

ನಮ್ಮ ಕರ್ನಾಟಕದ ಡಾ. ಮುಹಮ್ಮದ್ ಹನೀಫ್ ಅವರ ಪ್ರಕರಣವನ್ನು ಓದುಗರು ಮರೆತಿರಲಾರರು. 2007ರ ಜುಲೈ 2ರಂದು ಬ್ರಿಸ್ಬೇನ್ ವಿಮಾನ ನಿಲ್ದಾಣದಲ್ಲಿ ಅವರನ್ನು ಬಂಧಿಸಲಾಯಿತು. ಕೆಲವೇ ದಿನಗಳ ಹಿಂದೆ ಬೆಂಗಳೂರಿನಲ್ಲಿ ಹುಟ್ಟಿದ್ದ ಮಗಳನ್ನು ನೋಡಲು ಅವರು ಹೊರಟಿದ್ದರು. ಕೈಯಲ್ಲಿದ್ದುದು ಹೋಗುವ ಟಿಕೆಟು ಮಾತ್ರ, ಮರಳುವುದು ಇರಲಿಲ್ಲ. ಅದೇ ಶಂಕೆಗೆ ಗ್ರಾಸವಾಯಿತು. ಗ್ಲಾಸ್ಗೋ ವಿಮಾನ ನಿಲ್ದಾಣಕ್ಕೆ ಉರಿಯುವ ಜೀಪು ನುಗ್ಗಿಸಿದ ಕಫೀಲ್ ಅಹ್ಮದ್ ಅವರ ದೂರದ ಸಂಬಂಧಿ ಎಂಬುದು ನಿಜ. ಅವನೂ ಬೆಂಗಳೂರಿನವನೇ. ಅವನ ಕೃತ್ಯವನ್ನು ಖಂಡಿಸಲು ನಮಗೆ ಯಾವ ಸಂಕೋಚವೂ ಇಲ್ಲ. ಆದರೆ ಹನೀಫ್ ಮಾಡಿದ್ದೇನು? ಬ್ರಿಟನ್ ಬಿಡುವಾಗ ತನ್ನ ಹಳೆಯ ಸಿಮ್ ಕಾರ್ಡನ್ನು ಕಫೀಲ್‌ನ ಸಹೋದರನಿಗೆ ಕೊಟ್ಟದ್ದು. ಅದು ಗ್ಲಾಸ್ಗೋದ ಜೀಪಿನಲ್ಲಿ ಸಿಕ್ಕಿತೆಂದು ನ್ಯಾಯಾಲಯದಲ್ಲಿ ಹೇಳಲಾಯಿತು. ವಾಸ್ತವದಲ್ಲಿ ಸಿಕ್ಕಿದ್ದು ಲಿವರ್‌ಪೂಲ್‌ನಲ್ಲಿ. ಜುಲೈ 27ರಂದು ಮೊಕದ್ದಮೆ ಕುಸಿದುಬಿತ್ತು. ಅವರ ವಿರುದ್ಧ ಸಾಕ್ಷ್ಯವಿರಲಿಲ್ಲವೆಂದು 2008ರಲ್ಲಿ ಕ್ಲಾರ್ಕ್ ವಿಚಾರಣಾ ವರದಿ ಹೇಳಿತು. 2010ರಲ್ಲಿ ಪರಿಹಾರವೂ ದೊರೆಯಿತು. ನವಜಾತ ಮಗಳನ್ನು ನೋಡುವ ಆತುರದಲ್ಲಿ ಮರಳುವ ಟಿಕೆಟು ಕೊಳ್ಳದ ತಂದೆಯರು ಎಲ್ಲ ಧರ್ಮಗಳಲ್ಲೂ ಇದ್ದಾರೆ. ಆದರೆ ಅದು ಸಂಚಿನ ಪುರಾವೆಯಾಗಿ ಕಂಡದ್ದು ಒಬ್ಬ ಹನೀಫ್ ವಿಷಯದಲ್ಲಿ.

ನಮ್ಮ ನೆಲದಲ್ಲಿ

ಇಷ್ಟು ಹೇಳಿದ ಮೇಲೆ ನಮ್ಮ ದೇಶದ ಒಂದು ಒಳ್ಳೆಯ ಅಂಶವನ್ನೂ ಹೇಳಲೇಬೇಕು. 1999ರ ಡಿಸೆಂಬರ್‌ನಲ್ಲಿ ಐಸಿ 814 ವಿಮಾನದ ಅಪಹರಣವಾದ ಬಳಿಕ, 2000ದಿಂದ ನಮ್ಮ ನಿಲ್ದಾಣಗಳ ಭದ್ರತೆ ಹಂತಹಂತವಾಗಿ ಕೇಂದ್ರೀಯ ಕೈಗಾರಿಕಾ ಭದ್ರತಾ ಪಡೆಯ ಕೈಗೆ ಬಂತು. ಅದರ ಮೂಲ ಕ್ರಮ ಸರಳವಾದುದು. ಬಂದವರೆಲ್ಲರೂ ಲೋಹಶೋಧಕದ ಚೌಕಟ್ಟು ದಾಟಬೇಕು. ಎಲ್ಲರನ್ನೂ ಕೈಯಂತ್ರದಿಂದ ಪರೀಕ್ಷಿಸಲಾಗುತ್ತದೆ. ಮಹಿಳೆಯರನ್ನು ಪರದೆಯ ಮರೆಯಲ್ಲಿ ಮಹಿಳಾ ಸಿಬ್ಬಂದಿಯೇ ಪರೀಕ್ಷಿಸುತ್ತಾರೆ. ಬುರ್ಖಾ ಧರಿಸಿದವಳೂ ಸೀರೆ ಉಟ್ಟವಳೂ ಜೀನ್ಸ್ ತೊಟ್ಟವಳೂ ಅದೇ ಪರದೆಯೊಳಗೆ ಹೋಗಿ ಬರುತ್ತಾರೆ. ಯಾರ ಮಾನವೂ ಹೋಗುವುದಿಲ್ಲ, ಭದ್ರತೆಗೂ ಕೊರತೆಯಾಗುವುದಿಲ್ಲ. ಮುಂದುವರಿದ ರಾಷ್ಟ್ರಗಳು ಕೋಟಿಗಟ್ಟಲೆ ಡಾಲರ್ ವ್ಯಯಿಸಿಯೂ ಕಲಿಯದ ಪಾಠ ಆ ಒಂದು ಪರದೆಯ ತುಂಡಿನಲ್ಲಿದೆ.

ಆದರೆ ಅದೇ ನಿಲ್ದಾಣಗಳಲ್ಲಿ ತಪಾಸಣೆಯಿಂದ ವಿನಾಯಿತಿ ಪಡೆದ ಗಣ್ಯರ ಪಟ್ಟಿಯೂ ಇದೆ. ಯಾವ ಸರಕಾರಿ ಹುದ್ದೆಯೂ ಇಲ್ಲದ ರಾಬರ್ಟ್ ವಾದ್ರಾ ಅವರ ಹೆಸರು 2015ರವರೆಗೆ ಅದರಲ್ಲಿತ್ತು. ಮಾಜಿ ರಾಷ್ಟ್ರಪತಿಗಳೂ ವಿನಾಯಿತಿಯುಳ್ಳವರು. ಆದ್ದರಿಂದಲೇ 2009ರ ಏಪ್ರಿಲ್‌ನಲ್ಲಿ ದಿಲ್ಲಿಯಲ್ಲಿ ಅಮೆರಿಕದ ವಿಮಾನ ಕಂಪೆನಿಯೊಂದರ ಸಿಬ್ಬಂದಿ ಡಾ. ಎ.ಪಿ.ಜೆ. ಅಬ್ದುಲ್ ಕಲಾಂ ಅವರ ಮೈ ತಡವಿದಾಗ ಸಂಸತ್ತು ಕೆರಳಿತು, ಕಂಪೆನಿ ಕ್ಷಮೆ ಕೇಳಿತು. ಅದೇ ವರ್ಷದ ಆಗಸ್ಟ್‌ನಲ್ಲಿ ನೆವಾರ್ಕ್ ನಿಲ್ದಾಣದಲ್ಲಿ ನಟ ಶಾರುಕ್ ಖಾನ್‌ರನ್ನು ತಡೆದಾಗಲೂ ದೊಡ್ಡ ಸುದ್ದಿಯಾಯಿತು. ಅವರನ್ನು 2012ರಲ್ಲಿ, 2016ರಲ್ಲಿ ಮತ್ತೆ ತಡೆಯಲಾಯಿತು. ಮತ್ತೆ ವಿಷಾದ ವ್ಯಕ್ತವಾಯಿತು. ಇದು ಮುಸ್ಲಿಮರ ಹೆಸರಿಗೆ ಮಾತ್ರ ಸೀಮಿತವಾದುದೂ ಅಲ್ಲ. ಮಂಗಳೂರಿನವರಾದ ಜಾರ್ಜ್ ಫೆರ್ನಾಂಡಿಸ್‌ರನ್ನು ಅವರು ರಕ್ಷಣಾ ಸಚಿವರಾಗಿದ್ದಾಗಲೇ ವಾಷಿಂಗ್ಟನ್‌ನ ನಿಲ್ದಾಣದಲ್ಲಿ ಎರಡು ಬಾರಿ ಬಟ್ಟೆ ಬಿಚ್ಚಿಸಿ ಪರೀಕ್ಷಿಸಿದ್ದು 2004ರಲ್ಲಿ ಬೆಳಕಿಗೆ ಬಂತು. 2010ರಲ್ಲಿ ಭಾರತದ ರಾಯಭಾರಿ ಮೀರಾ ಶಂಕರ್ ಅವರನ್ನು ಮಿಸಿಸಿಪ್ಪಿಯಲ್ಲಿ ಸೀರೆಯ ಕಾರಣಕ್ಕೆ ಬದಿಗೆ ಕರೆದು ಮೈ ತಡವಲಾಯಿತು. ಹರ್ದೀಪ್ ಪುರಿ ಅವರಿಗೆ ಹ್ಯೂಸ್ಟನ್‌ನಲ್ಲಿ ಪೇಟದ ವಿಷಯದಲ್ಲಿ ತಡೆಯಾಯಿತು.

ಕಲಾಂ ಅವರು ತಮಗಾದುದರ ಬಗ್ಗೆ ದೂರಲಿಲ್ಲ, ಮೌನವಾಗಿ ಸಹಕರಿಸಿದರು. ಅದು ಅವರ ದೊಡ್ಡಸ್ತಿಕೆ. ನಮ್ಮ ಪ್ರಶ್ನೆ ಇರುವುದು ಅವರ ಪರವಾಗಿ ಕೂಗಿದವರಿಗೆ. ರಾಷ್ಟ್ರಪತಿಯ, ನಟನ ಮಾನ ಹೋದಾಗ ರಾಷ್ಟ್ರದ ಮಾನ ಹೋಯಿತೆಂದವರು, ಹೆಸರಿಲ್ಲದ ಕಾರ್ಮಿಕನ ಮಾನ ಹೋದಾಗ ಎಲ್ಲಿರುತ್ತಾರೆ? ಪಾಸ್‌ಪೋರ್ಟಿನಲ್ಲಿ ಭಟ್ಕಳವೆಂಬ ಊರಿನ ಹೆಸರು ಕಂಡೊಡನೆ ಅಧಿಕಾರಿಯ ಪ್ರಶ್ನೆಗಳು ಉದ್ದವಾಗುತ್ತವೆ ಎಂಬುದು ಆ ಊರಿನವರ ಬಹುಕಾಲದ ದೂರು. ಅವರ ಪರವಾಗಿ ಸಂಸತ್ತು ಎಂದೂ ಕೆರಳಲಿಲ್ಲ. ಅಮೆರಿಕದಲ್ಲಿ ಖಾನ್ ಎಂಬ ಹೆಸರಿಗೆ ಆಗುವುದು ಅನ್ಯಾಯವಾದರೆ ಇಲ್ಲಿ ಭಟ್ಕಳವೆಂಬ ಹೆಸರಿಗೆ ಆಗುವುದು ಏನು?

ಈಗ ಹೊಸದೊಂದು ಮಾತು ಕೇಳಿಬರುತ್ತಿದೆ. ಇನ್ನು ಮುಂದೆ ಯಂತ್ರವೇ ಮುಖ ಗುರುತಿಸುತ್ತದೆ, ಯಂತ್ರಕ್ಕೆ ಜಾತಿ ಧರ್ಮವಿಲ್ಲ ಎಂದು. ಆದರೆ ಯಂತ್ರ ಕಲಿಯುವುದು ಮನುಷ್ಯ ಕೊಟ್ಟ ಪಾಠವನ್ನೇ. ಮುಖ ಗುರುತಿಸುವ ಅನೇಕ ಗಣಕ ವ್ಯವಸ್ಥೆಗಳು ಏಶ್ಯಾ ಮತ್ತು ಆಫ್ರಿಕ ಮೂಲದವರನ್ನು ಬಿಳಿಯರಿಗಿಂತ ಹತ್ತರಿಂದ ನೂರು ಪಟ್ಟು ಹೆಚ್ಚಾಗಿ ಬೇರೊಬ್ಬರೆಂದು ತಪ್ಪು ತಿಳಿಯುತ್ತವೆ ಎಂಬುದನ್ನು 2019ರಲ್ಲಿ ಅಮೆರಿಕದ ಮಾನಕ ಸಂಸ್ಥೆಯ ಪರೀಕ್ಷೆಯೇ ತೋರಿಸಿದೆ. ಅಧಿಕಾರಿಯ ಪೂರ್ವಗ್ರಹವನ್ನಾದರೂ ಪ್ರಶ್ನಿಸಬಹುದು. ಯಂತ್ರ ತಪ್ಪಿದರೆ ಯಾರ ಮುಂದೆ ವಾದಿಸುವುದು?

ನಾವು ಮಾಡಬೇಕಾದುದು

ಅನ್ಯಾಯವನ್ನು ಖಂಡಿಸುವ ಸಮುದಾಯಕ್ಕೆ ತನ್ನ ಮನೆಯನ್ನು ಸ್ವಚ್ಛವಾಗಿಡುವ ಹೊಣೆಯೂ ಇದೆ. ಗಲ್ಫ್‌ಗೆ ಹೊರಟವನ ಕೈಗೆ ನೆರೆಯವರು, ನೆಂಟರು ಪೊಟ್ಟಣಗಳನ್ನು ಕೊಟ್ಟು ಕಳುಹಿಸುವುದು ನಮ್ಮಲ್ಲಿ ರೂಢಿ. ಬಿಚ್ಚಿ ನೋಡಿದರೆ ಅವಿಶ್ವಾಸ ತೋರಿದಂತೆ ಎಂಬ ಮುಲಾಜು ಬೇರೆ. ಈ ಮುಲಾಜು ಅಪಾಯಕಾರಿ. ಅಡುಗೆಗೆ ಬಳಸುವ ಗಸಗಸೆ ಕೂಡ ಯುಎಇಯಲ್ಲಿ ನಿಷಿದ್ಧ ಎಂಬುದು ಎಷ್ಟು ಮನೆಗಳಿಗೆ ಗೊತ್ತು? ಹೀತ್ರೂವಿನ ಆ ಐರಿಶ್ ಹೆಣ್ಣು ಕೂಡ ಪ್ರೀತಿಪಾತ್ರನು ಕೊಟ್ಟ ಚೀಲವೆಂದೇ ನಂಬಿದ್ದಳು. ತಾನು ತುಂಬದ ಚೀಲವನ್ನು ಯಾರೂ ಒಯ್ಯಬಾರದು. ಇನ್ನು ಹಣದಾಸೆಗೆ ಚಿನ್ನ ಸಾಗಿಸುವವರು ತಮ್ಮ ಹಿಂದೆ ನಿಂತಿರುವ ನೂರಾರು ಪ್ರಾಮಾಣಿಕ ಪ್ರಯಾಣಿಕರ ಮೇಲೆ ಶಂಕೆಯನ್ನು ಹೇರುತ್ತಾರೆ. ಅಂಥವರನ್ನು ಜಾಣರೆಂದು ಮೆಚ್ಚುವ ಊರು ತಪಾಸಣೆಯ ಕಟುತ್ವದ ಬಗ್ಗೆ ದೂರುವ ನೈತಿಕ ಹಕ್ಕನ್ನು ಕಳೆದುಕೊಳ್ಳುತ್ತದೆ.

ಎರಡನೆಯದು, ಹೆಸರು. ಶಾಲಾ ದಾಖಲೆಯಲ್ಲಿ ಮುಹಮ್ಮದ್, ಪಾಸ್‌ಪೋರ್ಟಿನಲ್ಲಿ ಮೊಹಮ್ಮದ್, ಟಿಕೆಟಿನಲ್ಲಿ ಬರೇ ಎಂ.ಡಿ. ಎಂದಿದ್ದರೆ ಶಂಕಿತರ ಪಟ್ಟಿಯ ಯಾವುದೋ ಹೆಸರಿನೊಂದಿಗೆ ಅದು ತಾಳೆಯಾಗುವ ಸಂಭವ ಹೆಚ್ಚು. ಹೆಸರು, ಹುಟ್ಟಿದ ದಿನಾಂಕ ಎಲ್ಲ ಕಡೆ ಒಂದೇ ಆಗಿರಲಿ. ಮೂರನೆಯದು, ದೂರು. ನಿಲ್ದಾಣದಲ್ಲಿ ಜಗಳವಾಡುವುದರಿಂದ ವಿಮಾನ ತಪ್ಪಬಹುದೇ ಹೊರತು ನ್ಯಾಯ ಸಿಗದು. ದಿನಾಂಕ, ಸಮಯ, ವಿಮಾನದ ಸಂಖ್ಯೆ, ಕೇಳಿದ ಪ್ರಶ್ನೆಗಳನ್ನು ಬರೆದಿಟ್ಟುಕೊಂಡು ಲಿಖಿತ ದೂರು ಕೊಡಬೇಕು. ಹೆಸರಿನ ಹೋಲಿಕೆಯಿಂದ ಪದೇ ಪದೇ ತೊಂದರೆಗೊಳಗಾಗುವವರು ಅರ್ಜಿ ಸಲ್ಲಿಸಲು ಅಮೆರಿಕದಲ್ಲಿ 2007ರಿಂದ ಒಂದು ವ್ಯವಸ್ಥೆ ಇದೆ. ಮಸೀದಿಯ ಅಂಗಳದಲ್ಲಿ ಹೇಳಿಕೊಂಡ ಸಂಕಟ ಅಲ್ಲಿಯೇ ಕರಗುತ್ತದೆ. ಕಾಗದದ ಮೇಲೆ ಬರೆದ ಸಂಕಟ ದಾಖಲೆಯಾಗುತ್ತದೆ. ಅರಾರ್ ಗೆದ್ದದ್ದೂ ಹನೀಫ್ ಗೆದ್ದದ್ದೂ ದಾಖಲೆಯಿಂದಲೇ.

ಕೊನೆಯದಾಗಿ, ನಾವು ಬೇಡಬಾರದ ಎರಡು ಸಂಗತಿಗಳಿವೆ. ಒಂದು, ಸೇಡು. ಅವರು ನಮ್ಮವರ ಮೈ ತಡವಿದರೆ ನಾವು ಅವರ ಮೈ ತಡವೋಣ ಎಂದು 2009ರಲ್ಲಿ ಕೇಂದ್ರದ ಸಚಿವೆಯೊಬ್ಬರು ಹೇಳಿದಾಗ ಹಲವರು ಚಪ್ಪಾಳೆ ತಟ್ಟಿದರು. ಒಂದು ಅನ್ಯಾಯಕ್ಕೆ ಇನ್ನೊಂದನ್ನು ಕೂಡಿಸಿದರೆ ಎರಡಾಗುತ್ತದೆಯೇ ಹೊರತು ನ್ಯಾಯವಾಗುವುದಿಲ್ಲ. ಇನ್ನೊಂದು, ವಿನಾಯಿತಿ. ನಮ್ಮ ಗಡ್ಡಕ್ಕೆ, ನಮ್ಮ ತಲೆವಸ್ತ್ರಕ್ಕೆ ತಪಾಸಣೆಯೇ ಬೇಡವೆಂದು ಕೇಳುವುದು ಇನ್ನೊಂದು ಬಗೆಯ ತಾರತಮ್ಯ. ಗಣ್ಯರ ಪಟ್ಟಿಯಲ್ಲಿ ನಮ್ಮ ಹೆಸರನ್ನೂ ಸೇರಿಸಿ ಎಂಬುದು ನಮ್ಮ ಬೇಡಿಕೆಯಲ್ಲ. ಶಂಕಿತರ ಪಟ್ಟಿಯಿಂದ ನಮ್ಮ ಹೆಸರನ್ನಷ್ಟೇ ತೆಗೆದು ಇನ್ನೊಬ್ಬರದನ್ನು ಸೇರಿಸಿ ಎಂಬುದೂ ಅಲ್ಲ.

ಸಾಕ್ಷ್ಯವಿದ್ದರೆ ಯಾವನೇ ಆಗಲಿ, ತಡೆಯಿರಿ, ಪ್ರಶ್ನಿಸಿ, ಬಂಧಿಸಿ. ಮೊದಲು ದೂರು ಕೊಡುವವರು ನಾವೇ ಆಗಿರಬಹುದು, ಅಬುಜಾದ ಆ ತಂದೆಯಂತೆ. ಸಾಕ್ಷ್ಯವಿಲ್ಲದಿದ್ದರೆ ಎಲ್ಲರಿಗೂ ಒಂದೇ ಸಾಲು, ಒಂದೇ ಯಂತ್ರ, ಒಂದೇ ಪರದೆ ಇರಲಿ. ಮಂತ್ರಿಯ ಚೀಲ ಹೋಗುವ ಪಟ್ಟಿಯ ಮೇಲೆಯೇ ಕೂಲಿಯ ಚೀಲವೂ ಹೋಗಲಿ, ಪಾದ್ರಿಯ ಪಾದರಕ್ಷೆಯ ಪಕ್ಕದಲ್ಲೇ ಮೌಲವಿಯ ಪಾದರಕ್ಷೆಯೂ ಇರಲಿ. ಆ ಸಾಲಿನಲ್ಲಿ ಎಷ್ಟು ಹೊತ್ತು ನಿಲ್ಲಬೇಕಾದರೂ ನಾವು ನಿಲ್ಲಲು ಸಿದ್ಧ.